ಬರೀ ಎಂಬಿಬಿಎಸ್

ನಮ್ಮೂರ ಸರಕಾರಿ ದವಾಖಾನೆಗೆ ಬಹಳ ಕಾಲದ ಮೇಲೆ ಒಬ್ಬ ಡಾಕ್ಟರು ಬಂದಾಗ ಊರವರಿಗೆ ಅಷ್ಟೇನೂ ಖುಷಿಯಾಗಲಿಲ್ಲ. ರಾಣೆಬೆನ್ನೂರು, ಹಾವೇರಿಗಳಲ್ಲಿ ಒಂದೇ ಓಣಿಗೆ ಹತ್ತಾರು ಡಾಕ್ಟರು. ಅವರ ಬೋರ್ಡಿನಲ್ಲಿ ಡಿಗ್ರಿಗಳು ಎರಡನೆಯ ಸಾಲಿಗೆ ಇಳಿದಿರುತ್ತವೆ. ಇವರ ಬೋರ್ಡಿನಲ್ಲಿ ಒಂದೇ ಡಿಗ್ರಿ.

"ಬರೀ ಎಂಬಿಬಿಎಸ್ ಐತಿ. ಅದರಾಗ ಸಣ್ಣ ಹುಡುಗಿ. ಇಕಿಗೇನ್ ತಿಳೀತೈತಿ?" ಎಂದಳು ನಿಮ್ಮ ಸಣ್ಣಜ್ಜಿ, ಅಂದರೆ ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ.

ಆ ವರ್ಷ ನನಗೆ ಕೆಮ್ಮು ಹಿಡಿದಿತ್ತು. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ನಾವು ಕೆಮ್ಮನ್ನು ಬೇನೆಯೆಂದು ಎಣಿಸುವುದಿಲ್ಲ. ಆದರೂ ಒಮ್ಮೆ ರಾಣೆಬೆನ್ನೂರಿಗೆ ಹೋದೆವು. ಪರರ ಮುಂದೆ ನನಗೆ ಬಾಯಿ ಬರುವುದಿಲ್ಲ; ನನ್ನ ಬೇನೆಯನ್ನು ಯಾವಾಗಲೂ ನೆಗೆಣ್ಣಿಯೇ ಹೇಳುತ್ತಾಳೆ. "ಮೆಣಸಿನಕಾಯಿ ಘಾಟು ಹತ್ತೈತ್ರಿ" ಎಂದಳು. ಸಿರಪ್ಪು ಕೊಟ್ಟು ಕಳಿಸಿದರು.

ಮಳೆಗಾಲ ಬಂದರೂ ಕೆಮ್ಮು ಹೋಗಲಿಲ್ಲ. ಒಂದು ದಿನ ಮಳೆಗೆ ಬಸ್ಸು ಬರಲಿಲ್ಲ. ಬೇರೆ ದಾರಿ ಕಾಣದೆ ಊರ ಡಾಕ್ಟರ ಹತ್ತಿರ ಹೋದೆವು. ನೆಗೆಣ್ಣಿ ಅದೇ ಘಾಟಿನ ಮಾತು ತೆಗೆದಳು.

"ಈಗ ಮೆಣಸಿನಕಾಯಿ ಕೆಲಸ ಎಲ್ಲಿದೆ ಅಮ್ಮ?" ಎಂದರು ಡಾಕ್ಟರು. "ನೀವು ಸ್ವಲ್ಪ ಹೊರಗಿರಿ. ಇವರೇ ಹೇಳಲಿ."

"ಅಕ್ಕ ಮಾತಾಡಂಗಿಲ್ರಿ. ನಾ ಹೋದ್ರ ಇಬ್ರೂ ಮಾರಿ ಮಾರಿ ನೋಡ್ಕೋಂತ ಕುಂದರ್ತೀರಿ!"

ಹಾಗೆಯೇ ಕೂತೆವು. ಅವರು ಅವಸರ ಮಾಡಲಿಲ್ಲ. ಸಂಜೆಯಾದರೆ ಮೈ ಬಿಸಿಯಾಗುವುದು, ಕುಪ್ಪಸಗಳೆಲ್ಲ ಸಡಿಲಾಗಿರುವುದು, ನೆಗೆಣ್ಣಿಗೂ ಹೇಳದ್ದನ್ನೆಲ್ಲ ಮೆಲ್ಲಗೆ ಹೇಳಿದೆ.

ಕಫದ ಪರೀಕ್ಷೆಯಲ್ಲಿ ಟಿಬಿ ಎಂದು ಬಂತು. "ತಪ್ಪದೆ ಗುಳಿಗೆ ತಗೊಂಡರೆ ಪೂರ್ತಿ ವಾಸಿಯಾಗುತ್ತೆ. ಮನೆಯಲ್ಲಿ ಮಕ್ಕಳಿದ್ದಾರಾ?" ಎಂದು ಕೇಳಿದರು. ಮೊಮ್ಮಕ್ಕಳಾದ ನೀವಿಬ್ಬರೂ ಆಗ ನನ್ನ ಎರಡು ಮಗ್ಗುಲಿಗೆ ಮಲಗುತ್ತಿದ್ದಿರಿ. ನನಗಾದದ್ದು ಆಗಲಿ, ನಿಮಗೆ ಹತ್ತಿಸಿಬಿಟ್ಟೆನೇ ಎಂಬುದೊಂದೇ ಚಿಂತೆಯಾಯಿತು.

ನಿಮ್ಮಪ್ಪ ನಿಮ್ಮನ್ನು ಬ್ಯಾಡಗಿಗೆ ಕರೆದೊಯ್ದು ಎದೆಯ ಫೋಟೊ ತೆಗೆಸಿಕೊಂಡು ಬಂದ. ಡಾಕ್ಟರು ಅವನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು.

"ನೋಡಿ ಅಮ್ಮ, ಇಬ್ಬರದೂ ಸ್ವಚ್ಛವಾಗಿದೆ. ಮುಂದೆಯೂ ಬರದ ಹಾಗೆ ಗುಳಿಗೆ ಕೊಡ್ತೀನಿ."

ಆ ಕಪ್ಪು ಹಾಳೆಗಳಲ್ಲಿ ನಿಮ್ಮ ಸಣ್ಣ ಸಣ್ಣ ಪಕ್ಕೆಲುಬುಗಳ ಹೊರತು ನನಗೇನೂ ತಿಳಿಯಲಿಲ್ಲ. ಆದರೂ ಮನಸ್ಸು ತುಂಬುವಷ್ಟು ಹೊತ್ತು ನೋಡುತ್ತ ನಿಂತೆ.