ಹುಳ ಹಣ್ಣಾದ ದಿನದ ಬ್ಯಾಟಿಂಗ್ ಲೆಕ್ಕ

ನನ್ನ ಗಂಡ ದೊಡ್ಡ ಬ್ಯಾಟ್ಸ್‌ಮನ್ನೋ, ನನ್ನ ಅಣ್ಣ ದೊಡ್ಡ ಬ್ಯಾಟ್ಸ್‌ಮನ್ನೋ ಎಂಬ ಜಗಳ ನನ್ನ ಮದುವೆಯಷ್ಟೇ ಹಳೆಯದು. ಇಬ್ಬರೂ ಆಡಿದ್ದು ಟೆನಿಸ್ ಬಾಲಿನಲ್ಲಿ. ಆಟ ಬಿಟ್ಟು ಎಷ್ಟೋ ಕಾಲವಾಯಿತು, ಈಗ ಇಬ್ಬರಿಗೂ ಮಂಡಿನೋವು. ದೊಡ್ಡ ಆಟಗಾರರ ಸರಾಸರಿ ಮೊಬೈಲ್ ಒತ್ತಿದರೆ ಸಿಗುತ್ತದೆ. ಇವರ ರನ್ನು ಬರೆದಿಟ್ಟ ಪುಣ್ಯಾತ್ಮರು ಯಾರೂ ಇಲ್ಲ. ಹಾಗಾಗಿ ಭೇಟಿಯಾದಾಗಲೆಲ್ಲ ಆ ರನ್ನು ಬೆಳೆಯುತ್ತಲೇ ಇರುತ್ತದೆ.

ಹೋದ ಬೆಳೆಯಲ್ಲಿ ಹುಳ ಹಣ್ಣಾದ ಬೆಳಿಗ್ಗೆಯೂ ಇದೇ ಶುರುವಾಯಿತು. ರೇಷ್ಮೆಹುಳ ಹಣ್ಣಾಯಿತೆಂದರೆ ಯಾರಿಗೂ ಕಾಯುವುದಿಲ್ಲ. ಮೈ ಹಳದಿಯಾಗಿ ತಲೆ ಎತ್ತಿ ಆಡಿಸತೊಡಗಿದ ಕೂಡಲೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಸುತ್ತಿಕೊಂಡು ಗೂಡು ಕೆಡುತ್ತದೆ, ಇಡೀ ಬೆಳೆ ಹಾಳು. ಅದಕ್ಕೆಂದೇ ಚನ್ನಪಟ್ಟಣದಲ್ಲಿರುವ ಅಣ್ಣನನ್ನು ಅಕ್ಕೂರಿನ ನಮ್ಮ ಮನೆಗೆ ಕರೆಸಿದ್ದೆ. ಬಂದವನು ಟೀ ಕುಡಿದು ಹುಳುಮನೆಯ ಬಾಗಿಲಲ್ಲಿ ನಿಂತ.

"ಏನೇ ಅನ್ನು ಭಾವ, ಸಿಕ್ಸ್ ಹೊಡೆಯೋದ್ರಲ್ಲಿ ನೀನು ನನ್ ಹತ್ರಕ್ಕೂ ಬರಾಕಿಲ್ಲ."

ನಮ್ಮ ಯಜಮಾನರು, ಇವರು, ಕೈಯಲ್ಲಿದ್ದ ಹುಳ ತಟ್ಟೆಗೆ ಹಾಕಿ ಎದ್ದೇಬಿಟ್ಟರು. "ನಿಮ್ ಟೌನಲ್ಲಿ ಕಾಂಪೌಂಡ್ ದಾಟುದ್ರೆ ಸಿಕ್ಸು. ನಮ್ಮೂರಲ್ಲಿ ಸೊಪ್ಪಿನ್ ತೋಟಕ್ಕೆ ಬಿದ್ರೆ ಔಟು ಕಣ್ ಭಾವ! ಸುತ್ತಾ ತೋಟವೇ ಐತೆ, ಎಲ್ಲಿಗ್ ಹೊಡೀಲಿ?"

ಅದೇನೋ ನಿಜ. ಚೆಂಡು ಹುಡುಕಲು ನುಗ್ಗಿ ಹಿಪ್ಪುನೇರಳೆ ಸೊಪ್ಪು ತುಳಿಯುತ್ತಾರೆಂದು ಊರಿನವರೇ ಮಾಡಿದ ಕಟ್ಟಳೆ. ಆದರೆ ಅದನ್ನು ಆ ಹೊತ್ತಿನಲ್ಲಿ ಬಗೆಹರಿಸಬೇಕೆ?

"ಹಂಗಾರೆ ನಿನ್ ಫೋರೆಲ್ಲ ಸಿಕ್ಸು ಅಂತ ಹಿಡೀಬೇಕೋ?"

"ಹಿಡಿ ಮತ್ತೆ! ನಿನ್ ಸಿಕ್ಸಲ್ಲಿ ಅರ್ಧ ಔಟು ಅಂತ್ಲೂ ಹಿಡಿ!"

ಒಬ್ಬರು ಕೂಡಿಸುತ್ತಿದ್ದರು, ಇನ್ನೊಬ್ಬರು ಕಳೆಯುತ್ತಿದ್ದರು. ಹುಳ ಆಯುತ್ತಿದ್ದುದು ನನ್ನ ಎರಡು ಕೈ ಮಾತ್ರ. ಚಂದ್ರಿಕೆಯ ಮೇಲೆ ಚಂದ್ರಿಕೆ ತುಂಬಿ ಅಂಗಳದ ಗೋಡೆಗೆ ಒರಗಿಸುತ್ತಾ ಬಂದೆ. ತಟ್ಟೆಯ ಮೂಲೆಯಲ್ಲಿ ಬಿಳಿ ಎಳೆ ಕಂಡಾಗ ಮೈಯೆಲ್ಲ ಉರಿದುಹೋಯಿತು.

"ಹುಳ ಕಸದಲ್ಲೇ ಗೂಡು ಕಟ್ತಾ ಐತೆ! ಒಸಿ ಬಗ್ಗಿ ಆಯ್ತೀರೋ, ಇಲ್ಲಾ ತಟ್ಟೆ ಸಮೇತ ಇಬ್ರು ತಲೆ ಮ್ಯಾಲೂ ಸುರೀಲೋ?"

ಇಬ್ಬರೂ ತೆಪ್ಪಗೆ ಕೂತರು. ಕೂತ ಮೇಲೆ ಚೆನ್ನಾಗಿಯೇ ಆಯ್ದರು ಅನ್ನಿ. ಸಂಜೆ ಹೊತ್ತಿಗೆ ತಟ್ಟೆಗಳೆಲ್ಲ ಬರಿದಾದವು. ಬೆಳೆ ಉಳಿಯಿತೆಂದು ನಾನು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಅಂಗಳದಿಂದ ಮತ್ತೆ ದನಿ ಕೇಳಿಸಿತು. ಯಾರು ಹೆಚ್ಚು ಚಂದ್ರಿಕೆ ತುಂಬಿದ್ದು ಎಂದು ನೋಡುತ್ತಿದ್ದರು! ಎಡಗಡೆಯ ಸಾಲು ಅಣ್ಣನದು, ಬಲಗಡೆಯದು ಇವರದು. ನಡುವೆ ಎರಡಕ್ಕಿಂತಲೂ ಉದ್ದದ ಸಾಲೊಂದು ಉಳಿದಿತ್ತು. ಅದು ತನ್ನದೆಂದು ಹೇಳಿಕೊಳ್ಳಲು ಇಬ್ಬರಿಗೂ ಧೈರ್ಯವಿರಲಿಲ್ಲ.

"ಇದ್ಯಾರ್ದು?" ಇವರು ಕೇಳಿದರು.

"ನಂದು," ಅಂದೆ.

ಅಣ್ಣ ನನ್ನ ಮುಖವನ್ನೇ ನೋಡಿದ. "ನೀನೂ ಆಡ್ತಿದ್ದೇನವ್ವಾ?"

ತಮಾಷೆಗಲ್ಲ, ನಿಜವಾಗಿ ಕೇಳಿದ. ನಾನು ಮುದ್ದೆಗೆ ಎಸರಿಡಲು ಒಳಗೆ ಹೊರಟಿದ್ದವಳು ವಾಪಸು ಬಂದು, ಜಗಲಿಯ ಮೇಲೆ ಕಾಲು ಚಾಚಿ ಕೂತುಬಿಟ್ಟೆ.