ಚಾರ್ಜರ್ ಅಯ್ಯನವರು ಕೂಡಿಸಿದ ಮನೆ

ಮಕ್ಕಳ ಪಾದ್ರಿ ತೀರಿಕೊಂಡ ಮೇಲೆ ಅವರ ಚೀಲ ಬಿಚ್ಚುವ ಕೆಲಸ ಯಾರಿಗೂ ಬೇಡವಾಗಿತ್ತು. ಕೊನೆಗೆ ಹೆಂಡತಿಯೇ ಬಿಚ್ಚಿದರು. ಒಳಗೆ ಒಂದು ಪುಸ್ತಕ, ಉಳಿದದ್ದೆಲ್ಲ ತಂತಿ. ದಪ್ಪದ್ದು, ಸಪೂರದ್ದು, ಚಪ್ಪಟೆಯದು, ತುದಿ ಹರಿದು ಟೇಪು ಸುತ್ತಿಸಿಕೊಂಡದ್ದು. ಯಾರ ಫೋನು ಉಸಿರು ಬಿಟ್ಟರೂ ಅದಕ್ಕೆ ಜೀವ ಕೊಡುವ ವಸ್ತು ಆ ಚೀಲದಲ್ಲಿ ಇದ್ದೇ ಇರುತ್ತಿತ್ತು. ಅದಕ್ಕೇ ಚರ್ಚಿನ ಹಿರಿಯರು ಕಿರಿಯರು ಎಲ್ಲರ ಬಾಯಲ್ಲೂ ಅವರು ಚಾರ್ಜರ್ ಅಯ್ಯನವರು. ಹಿಂದಿನಿಂದ ಆಡಿಕೊಂಡ ಹೆಸರಲ್ಲ, ಎದುರಿಗೇ ಕರೆಯುತ್ತಿದ್ದರು. ಅವರೂ ಓಗೊಡುತ್ತಿದ್ದರು.

ಮೊದಲು ಅವರು ಕಂಪ್ಯೂಟರ್ ಕ್ಲಾಸಿನ ಮೇಷ್ಟ್ರು. ಚರ್ಚಿನ ಪ್ರೊಜೆಕ್ಟರ್ ಕೆಟ್ಟಿದೆ ಎಂದು ಯಾರೋ ಕರೆದುಕೊಂಡು ಬಂದಿದ್ದರು. ರಿಪೇರಿಯಾದ ಮೇಲೆ ಸರಿಯಾಗಿದೆಯೋ ಇಲ್ಲವೋ ನೋಡೋಣವೆಂದು ಮಕ್ಕಳಿಗೆ ಒಂದು ಕಥೆ ತೋರಿಸಿದರು. ಕಥೆ ಅರ್ಧಕ್ಕೆ ಬಂದಾಗ ಹಾಳು ಪ್ರೊಜೆಕ್ಟರ್ ಮತ್ತೆ ಆರಿತು. ಉಳಿದರ್ಧವನ್ನು ಕತ್ತಲಲ್ಲೇ ಕೈಬಾಯಿ ಆಡಿಸಿ ಹೇಳಿದರು. ಮುಂದಿನ ಭಾನುವಾರ ಮಕ್ಕಳು ಪಾದ್ರಿಯನ್ನು ಕೇಳಲಿಲ್ಲ, ಕತ್ತಲೆ ಕಥೆಯ ಅಂಕಲ್ ಎಲ್ಲಿ ಎಂದು ಕೇಳಿದರು. ಹೀಗೆ ರಿಪೇರಿಗೆ ಬಂದ ಮನುಷ್ಯ ಅಲ್ಲೇ ಬೇರುಬಿಟ್ಟರು. ಆಮೇಲೆ ಓದಿದರು, ದೀಕ್ಷೆ ಪಡೆದರು, ಆದರೆ ದೊಡ್ಡವರ ಪ್ರಸಂಗಪೀಠಕ್ಕೆ ಕಳಿಸುತ್ತೇವೆ ಎಂದಾಗಲೆಲ್ಲ ಏನಾದರೂ ನೆಪ ಹೇಳಿ ತಪ್ಪಿಸಿಕೊಂಡರು.

ಅವರ ಕೋಣೆ ಸಭಾಂಗಣದ ಕೆಳಗಿತ್ತು, ಅರ್ಧ ನೆಲದೊಳಗೆ. ಕಿಟಕಿಯಿಂದ ಕಾಣುತ್ತಿದ್ದದ್ದು ಬೀದಿಯಲ್ಲಿ ಹೋಗುವವರ ಚಪ್ಪಲಿ, ಬೂಟುಗಳು ಮಾತ್ರ. ಗಿಡ್ಡ ಕುರ್ಚಿಗಳು, ಅಂಚು ಸವೆದ ಜಮಖಾನೆ. ಪರದೆ ತಂದಾಗಲೆಲ್ಲ ಮಕ್ಕಳು ಹರಿಯುತ್ತಿದ್ದದ್ದರಿಂದ ಒಂದು ಗೋಡೆಗೇ ಬಿಳಿ ಸುಣ್ಣ ಬಳಿಸಿದ್ದರು. ಬಾಗಿಲ ಬಳಿಯ ಮೇಜಿನ ಮೇಲೆ ಚೀಟಿ ಮುದ್ರಿಸುವ ಪುಟ್ಟ ಯಂತ್ರ. ಮಗು ಬಂದ ಕೂಡಲೇ ಅದು ಎರಡು ಅಂಟುಚೀಟಿ ಉಗುಳುತ್ತಿತ್ತು, ಒಂದು ಮಗುವಿನ ಎದೆಗೆ, ಅದೇ ಸಂಖ್ಯೆಯ ಇನ್ನೊಂದು ಕರೆತಂದವರ ಕೈಗೆ. ಎರಡೂ ತಾಳೆಯಾಗದೆ ಯಾವ ಮಗುವೂ ಹೊಸಿಲು ದಾಟುವಂತಿಲ್ಲ. ಒಮ್ಮೆ ದೊಡ್ಡ ಪಾದ್ರಿಯವರು ಮೊಮ್ಮಗನ ಚೀಟಿಯನ್ನು ಎಲ್ಲೋ ಕಳೆದುಕೊಂಡು ಬಂದು ನಿಂತರು. ಚಾರ್ಜರ್ ಅಯ್ಯನವರು ನಗುತ್ತಲೇ ಅವರನ್ನೂ ಗಿಡ್ಡ ಕುರ್ಚಿಯಲ್ಲಿ ಕೂರಿಸಿದರು. ಮಗುವಿನ ತಾಯಿ ಮೇಲಿಂದ ಇಳಿದು ಬರುವ ತನಕ ದೊಡ್ಡವರು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು.

ಹೊಸ ಆ್ಯಪ್ ಬಂತೆಂದರೆ ಅವರಿಗೆ ಅದನ್ನು ಮುಟ್ಟಿ ನೋಡುವವರೆಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಮನೆಗಳಿಗೆ ದಾಟಿಸುವ ಮೊದಲು ಒಂದೇ ಪರೀಕ್ಷೆ: ಇದು ತನ್ನ ಕೆಲಸ ಮುಗಿಸಿ ಬಾಯಿ ಮುಚ್ಚಿಕೊಳ್ಳುತ್ತದೆಯೇ, ಇಲ್ಲ ಇನ್ನಷ್ಟು ನೋಡು, ಇನ್ನಷ್ಟು ನೋಡು ಎಂದು ಸೆರಗು ಹಿಡಿದು ಎಳೆಯುತ್ತದೆಯೇ? ಎಳೆಯುವಂಥದ್ದು ಎಷ್ಟೇ ಚೆಂದವಿದ್ದರೂ ಅವರ ಬಾಗಿಲಲ್ಲೇ ನಿಲ್ಲುತ್ತಿತ್ತು. ಪಾಸಾದವು ಕೆಲವೇ. ಹಾಡಿನ ಸಾಲುಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಓಡಿಸುವುದೊಂದು, ಮಲಗುವ ಹೊತ್ತಿಗೆ ಒಂದೇ ಕಥೆ ಓದಿ ತಾನೇ ಆರಿಹೋಗುವುದೊಂದು. ಎಲ್ಲಕ್ಕಿಂತ ಅವರಿಗೆ ಪ್ರೀತಿ ಮನೆಗಳ ವಿವರ ಇಡುವ ಆ್ಯಪಿನ ಮೇಲೆ. ಅದರ ಮೂಲಕ ಪ್ರತಿ ಶನಿವಾರ ಸಂಜೆ ಎಲ್ಲ ಮನೆಗಳಿಗೂ ಅವರ ದನಿಯಲ್ಲಿ ಒಂದು ಪ್ರಶ್ನೆ ಹೋಗುತ್ತಿತ್ತು, ಊಟಕ್ಕೆ ಕೂತಾಗ ಮನೆಯವರೆಲ್ಲ ಮಾತಾಡಿಕೊಳ್ಳಲಿ ಎಂದು. ಭಾನುವಾರ ಸಂಜೆ ಆಯಾ ಮಗು ಬಿಡಿಸಿದ ಚಿತ್ರ, ಜೊತೆಗೆ ಅದೇನೆಂದು ಮಗುವೇ ಹೇಳಿದ ಒಂದೆರಡು ಮಾತು, ಆಯಾ ಮನೆಯ ದೊಡ್ಡವರಿಗೆ.

ಆ ಮಕ್ಕಳಲ್ಲಿ ಒಬ್ಬಳು ಯಾಕಮ್ಮ. ಯಾವ ಕಥೆಗೂ ಯಾಕೆ ಎನ್ನದೆ ಬಿಡುತ್ತಿರಲಿಲ್ಲವಾದ್ದರಿಂದ ಆ ಹೆಸರು. ತಾಯಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಕೆ. ಮೊದಲ ದಿನವೇ ಅಯ್ಯನವರನ್ನು ಪಕ್ಕಕ್ಕೆ ಕರೆದು, ಗಂಡನಿಂದ ದೂರವಾಗಿದ್ದೇನೆ, ಮಗಳ ವಿಷಯ ಅವರಿಗೆ ಏನೊಂದೂ ಹೋಗಕೂಡದು ಎಂದು ಹೇಳಿದ್ದಳು. ಆತ ಬಸ್ ಡ್ರೈವರ್. ಹೊಡೆಯುವವನಲ್ಲ, ಕುಡಿಯುವವನಲ್ಲ. ಬರುತ್ತೇನೆ ಎನ್ನುವವನು, ಬಾರದವನು. ಪ್ರತಿ ಸಲ ಮಗು ಬೂಟು ಹಾಕಿಕೊಂಡು ಬಾಗಿಲಲ್ಲಿ ಕೂತು ಕಾದು ಕಾದು, ಬೂಟಿನಲ್ಲೇ ನಿದ್ದೆ ಹೋಗುತ್ತಿತ್ತು. ಆಕೆಗೆ ಅದು ಸಾಕಾಗಿತ್ತು. ಅಯ್ಯನವರು ತಾಯಿಮಗಳಿಗೆಂದೇ ಬೇರೆ ಮನೆ ಎಂದು ಆ್ಯಪಿನಲ್ಲಿ ಬರೆದುಕೊಂಡರು.

ಆದರೆ ಅಲ್ಲಿ ಇನ್ನೊಂದು ಹಳೆಯ ಮನೆ ಇತ್ತು. ಯಾಕಮ್ಮ ಕೂಸಾಗಿದ್ದಾಗ ಅಪ್ಪ, ಅಮ್ಮ, ಮಗು ಮೂವರೂ ಒಮ್ಮೆ ಚರ್ಚಿಗೆ ಬಂದಿದ್ದರು, ಆಗ ಬೇರೆ ಯಾರೋ ಅಪ್ಪನ ನಂಬರನ್ನೂ ಸೇರಿಸಿ ಬರೆದಿಟ್ಟದ್ದು. ಅಯ್ಯನವರಿಗೆ ವಿವರಗಳನ್ನು ಗುಡಿಸಿ ಒರೆಸಿ ಇಡುವುದೆಂದರೆ, ಕೆಲವರಿಗೆ ಪಾತ್ರೆ ಫಳಫಳ ಹೊಳೆಯಬೇಕೆನ್ನುವಂಥ ಹುಚ್ಚು. ಒಂದು ಮಧ್ಯಾಹ್ನ ಎರಡೆರಡು ಸಲ ಬರೆದಿದ್ದ ಮನೆಗಳನ್ನೆಲ್ಲ ಒಂದೊಂದಾಗಿ ಕೂಡಿಸುತ್ತ ಹೋದರು. ಈ ಎರಡೂ ಒಂದೇ ಮನೆಯಂತೆ ಕಾಣುತ್ತಿವೆ, ಕೂಡಿಸಲೇ ಎಂದು ಆ್ಯಪ್ ಕೇಳಿತು. ಮಗುವಿನ ಹೆಸರು ಒಂದೇ, ಹುಟ್ಟಿದ ದಿನ ಒಂದೇ. ಗುಡಿಸುವ ಹುರುಪಿನಲ್ಲಿದ್ದ ಬೆರಳು ಹೂಂ ಎಂದಿತು.

ತಿಂಗಳುಗಟ್ಟಲೆ ಏನೂ ತಿಳಿಯಲಿಲ್ಲ. ಒಂದು ಶನಿವಾರ ಅವರು ಕೇಳಿದ ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾರ ನಗು ಎಲ್ಲಕ್ಕಿಂತ ಜೋರು? ಉತ್ತರಗಳು ಬಂದವು. ಒಬ್ಬ ಅಜ್ಜಿ ತನ್ನದಲ್ಲವೇ ಅಲ್ಲವೆಂದು ವಾದಿಸುತ್ತಲೇ ಮನೆ ಹಾರಿಹೋಗುವಂತೆ ನಕ್ಕಿದ್ದರು. ಅದರ ಬೆನ್ನಿಗೇ ಗೊತ್ತಿಲ್ಲದ ಗಂಡಸಿನ ದನಿ, ಹಿಂದೆ ಎಲ್ಲೋ ಬಸ್ಸಿನ ಎಂಜಿನ್ ಗುರುಗುಟ್ಟುವ ಸದ್ದು.

"ನಮ್ಮಲ್ಲಿ ನನ್ನ ಮಗಳದೇ ಜೋರು. ಈಗ್ಲೂ ಹಾಗೇ ನಗ್ತಾಳೆ ಅಂತ ನೀವು ಕಳಿಸೋದ್ರಿಂದ ಗೊತ್ತಾಗ್ತಾ ಇದೆ. ತುಂಬಾ ಉಪಕಾರ ಆಯ್ತು ಅಯ್ಯನವರೇ."

ಯಾರಪ್ಪಾ ಇದು ಎಂದು ಒತ್ತಿ ನೋಡಿದರೆ ತೆರೆದುಕೊಂಡದ್ದು ಯಾಕಮ್ಮನ ಮನೆ. ತಾವೇ ಹೂಂ ಎಂದು ಕೂಡಿಸಿದ್ದು ಅಯ್ಯನವರಿಗೆ ನೆನಪಾಯಿತು. ಅಲ್ಲೇ ಕೂತು ಎರಡು ಮನೆಗಳನ್ನೂ ಬಿಡಿಸಿದರು. ಬಿಡಿಸುವುದು ಕೂಡಿಸಿದಷ್ಟೇ ಸುಲಭವಾಗಿತ್ತು. ಅದೇ ಅವರಿಗೆ ಇನ್ನಷ್ಟು ಸಂಕಟವಾಯಿತು.

ದೊಡ್ಡ ಪಾದ್ರಿಯವರ ಬಳಿ ಹೋಗಿ ಎಲ್ಲ ಹೇಳಿದರು. ಅವರು ಕೇಳಿಸಿಕೊಂಡು, ಸರಿಮಾಡಿಯಾಯಿತಲ್ಲ, ಆಕೆಗೆ ತಿಳಿದಿಲ್ಲ, ಕೇಡೇನೂ ಆಗಿಲ್ಲ, ಆ ಮಗುವಿಗಿರುವುದೇ ಈ ಒಂದು ಕೋಣೆ, ಹೇಳಿ ಅದನ್ನೂ ಯಾಕೆ ಕಳೆಯುತ್ತೀರಿ ಎಂದರು. ಕೆಟ್ಟ ಮನಸ್ಸಿನ ಮಾತಲ್ಲ. ಅಯ್ಯನವರು ಮನೆಗೆ ಬಂದು ಅದನ್ನೇ ಹೆಂಡತಿಗೆ ಒಪ್ಪಿಸಿದರು. ಅವರ ಹೆಂಡತಿ ಗಣಿತದ ಟೀಚರು, ಗಂಡ ಕೂಡುವ ಲೆಕ್ಕ ಕಳೆಯುವ ಲೆಕ್ಕ ಎರಡನ್ನೂ ಬಲ್ಲವರು. ಉತ್ತರಪತ್ರಿಕೆಯಿಂದ ತಲೆಯೆತ್ತದೆ, "ನೀವು ಹೇಳ್ದೆ ಇದ್ರೆ ಆಕೆಗೆ ಯಾವತ್ತೂ ಗೊತ್ತಾಗಲ್ಲ, ಅಲ್ವಾ? ಅದಕ್ಕೇ ಹೇಳ್ಬೇಕು," ಎಂದರು.

ಮರುದಿನ ಔಷಧಿ ಅಂಗಡಿಯಲ್ಲಿ ಗಿರಾಕಿಗಳು ಕರಗುವುದನ್ನೇ ಕಾದು ನಿಂತರು. ಆಕೆ ಮಾತ್ರೆಯ ಹಾಳೆಯನ್ನು ಕತ್ತರಿಯಿಂದ ತುಂಡು ಮಾಡುತ್ತಿದ್ದಳು. ಅಯ್ಯನವರು ಪೀಠಿಕೆ ಹಾಕಲಿಲ್ಲ, ಆ್ಯಪಿನ ಮೇಲೆ ತಪ್ಪು ಹೊರಿಸಲಿಲ್ಲ. ಅದು ಕೇಳಿತು, ನಾನು ಹೂಂ ಅಂದೆ, ಎಂದರು. ಕತ್ತರಿ ನಿಂತಿತು.

"ನಾವಿರೋ ಮನೆ ವಿಳಾಸ?"

"ಅದು ಹೋಗಿಲ್ಲಮ್ಮ. ಚಿತ್ರ, ಅವಳ ಮಾತು, ಅಷ್ಟೇ. ನೋಡಿ, ಎಲ್ಲಾ ಇಲ್ಲಿದೆ."

ಆಕೆ ಫೋನನ್ನು ನೋಡಲಿಲ್ಲ. ಅಷ್ಟರಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳಿಕೊಂಡು ಬಂದರು. ಸಕ್ಕರೆ ಇಲ್ಲದ್ದು ಬೇಕೆಂದರು, ಹೋದ ಸಲದ್ದು ಕಹಿ ಇತ್ತೆಂದರು, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದರು. ಆಕೆ ಎಲ್ಲಕ್ಕೂ ನಿಧಾನವಾಗಿ ಉತ್ತರಿಸಿ ಕಳಿಸಿದಳು. ಅಯ್ಯನವರು ಗಾಜಿನ ಕಪಾಟಿಗೆ ಬೆನ್ನು ಹಚ್ಚಿ ನಿಂತೇ ಇದ್ದರು.

"ನಾನು ನಿಮಗೆ ಹೇಳಿದ್ದು ಒಂದೇ ಮಾತು, ಅಯ್ಯನವರೇ."

"ಹೌದಮ್ಮ. ಒಂದೇ."

"ಈ ಭಾನುವಾರ ನಾವು ಬರಲ್ಲ," ಎಂದಳು. ಅದರ ಮುಂದಿನ ಭಾನುವಾರದ ಮಾತು ಎತ್ತಲಿಲ್ಲ. ಅವರೂ ಕೇಳಲಿಲ್ಲ.

ಚಿತ್ರ ಬಾರದ ಮೊದಲ ವಾರವೇ ಡ್ರೈವರ್ ಫೋನು ಮಾಡಿದ. ತಪ್ಪು ತಮ್ಮದೆಂದು, ಇನ್ನು ಬರುವುದಿಲ್ಲವೆಂದು ಅಯ್ಯನವರು ತಿಳಿಸಿದರು. ಆತ ಜಗಳವಾಡಲಿಲ್ಲ. "ತಪ್ಪಿಯಾದ್ರೂ ಬಂತಲ್ಲ," ಎಂದ. ಮಗಳ ತಾಯಿಯನ್ನು ಒಂದು ಮಾತು ಕೇಳಿ ನೋಡಿ ಎಂದು ಬೇಡಿಕೊಂಡ. ಅದೊಂದನ್ನು ಮಾತ್ರ ನನ್ನಿಂದ ಕೇಳಬೇಡಿ ಎಂದು ಅಯ್ಯನವರು ಫೋನಿಟ್ಟರು. ಆಮೇಲೆ ಬಹಳ ಹೊತ್ತು ಅವರಿಗೆ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ.

ಕೆಳಗಿನ ಕೋಣೆಯಲ್ಲಿ ಈಗ ಯಾಕೆ ಎನ್ನುವವರಿಲ್ಲದೆ ಕಥೆಗಳು ಸರಾಗವಾಗಿ ಬೇಗಬೇಗ ಮುಗಿದುಹೋಗುತ್ತಿದ್ದವು. ಅಯ್ಯನವರು ಯಾಕಮ್ಮನ ತಾಯಿಗೆ ಒಂದು ಸಂದೇಶವನ್ನೂ ಕಳಿಸಲಿಲ್ಲ. ಬರೆದದ್ದುಂಟು, ಅಳಿಸಿದ್ದುಂಟು. ಅದರ ಬದಲು ಟ್ಯಾಬ್ ಹಿಡಿದು ಮನೆಮನೆಗೆ ಹೊರಟರು. ನಿಮ್ಮ ಬಗ್ಗೆ ನಮ್ಮಲ್ಲಿ ಇಷ್ಟು ಬರೆದಿದೆ, ಇಂಥವರಿಗೆ ಹೋಗುತ್ತಿದೆ, ನೀವೇ ನೋಡಿ ಹೇಳಿ ಎಂದು ಕೂತು ತೋರಿಸಿದರು. ಸಂಜೆಗಳೆಲ್ಲ ಅದಕ್ಕೇ ಹೋದವು. ಒಂದು ಮನೆಯಲ್ಲಿ ಮೂರನೆಯ ಮಗು ಎಂದು ಬರೆದಿದ್ದದ್ದು ನಾಯಿ ಎಂದು ಹೊರಬಿತ್ತು, ಮಕ್ಕಳೇ ಸೇರಿಸಿದ್ದರು. "ಮತ್ತೆ ಭಾನುವಾರ ಅದನ್ನೂ ಕರ್ಕೊಂಡು ಬರ್ಬೇಕಾ ಅಯ್ಯನವರೇ?" ಎಂದು ಆ ಮನೆಯ ಯಜಮಾನ ಕೆಣಕಿದ. ಚೀಟಿ ತಾಳೆಯಾದರೆ ನನ್ನದೇನೂ ಅಭ್ಯಂತರವಿಲ್ಲ ಎಂದರು ಇವರು. ಔಷಧಿ ಅಂಗಡಿಯಾಕೆಯ ಮನೆಗೆ ಮಾತ್ರ ಹೋಗಲಿಲ್ಲ. ಕರೆಯದ ಬಾಗಿಲಿಗೆ ಕೈ ಹಚ್ಚುವ ಹಕ್ಕು ತಮಗಿಲ್ಲ ಎನ್ನುತ್ತಿದ್ದರು.

ಆಕೆಯೇ ಬಂದಳು. ಒಂದು ಸಂಜೆ ಅಯ್ಯನವರು ಮೇಜಿನಡಿ ಮಲಗಿಕೊಂಡು ತಂತಿ ಕಟ್ಟುತ್ತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ತಲೆ ಮೇಜಿಗೆ ತಾಗಿಸಿಕೊಂಡೇ ಎದ್ದರು.

"ಅವರಿಗೆ ಏನೇನು ಹೋಗಿದ್ಯೋ ಎಲ್ಲಾ ನನಗೂ ತೋರ್ಸಿ," ಎಂದಳು.

ಅವೆಲ್ಲ ಆಕೆಗೂ ಹೋಗಿದ್ದವು. ಅಯ್ಯನವರಿಗೆ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಅವರು ದೀಪ ಆರಿಸಿ ಗೋಡೆಯ ಮೇಲೆ ಒಂದೊಂದೇ ಬಿಟ್ಟರು. ನೀಲಿ ಕುದುರೆ. ಬಾಗಿಲಿಲ್ಲದ ಮನೆ, ಯಾಕೆಂದರೆ ಎಲ್ಲರೂ ಒಳಗೇ ಇದ್ದಾರೆ. ಅದಾದ ಮೇಲೆ ಉದ್ದ ಜಡೆಯ ಒಬ್ಬ ಹೆಂಗಸು, ಅವಳ ಕಾಲಿಗೇ ಅಂಟಿಕೊಂಡ ಒಂದು ಕುರ್ಚಿ. "ಇದು ನಮ್ಮಮ್ಮ," ಎಂದಿತು ಯಾಕಮ್ಮನ ದನಿ. "ಅಮ್ಮಂಗೆ ಕೂರೋಕೆ ಟೈಮೇ ಇಲ್ಲ. ಅದಕ್ಕೇ ಕುರ್ಚೀನ ಕಾಲಿಗೇ ಹಾಕಿದೀನಿ. ಎಲ್ಲಿ ಬೇಕಾದ್ರೂ ಕೂರ್ಬೋದು."

ಆಕೆ ಗಿಡ್ಡ ಕುರ್ಚಿಯೊಂದರಲ್ಲಿ ಕೂತಿದ್ದಳು. ನಗು ಬಂತೋ ಅಳು ಬಂತೋ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಇದೂ ಹೋಗಿದ್ಯಾ ಅವರಿಗೆ?"

"ಹೋಗಿದೆ."

"ನಾನು ತೆಗೆದು ನೋಡೇ ಇರ್ಲಿಲ್ಲ," ಎಂದಳು. ಕೊಂಚ ತಡೆದು, ಆತ ಫೋನೇನಾದರೂ ಮಾಡಿದ್ದನೇ ಎಂದು ಕೇಳಿದಳು. ಅಯ್ಯನವರು ಮುಚ್ಚಿಡಲಿಲ್ಲ, ಆತ ಆಡಿದ ಮಾತಿಗೆ ಒಂದು ಅಕ್ಷರವನ್ನೂ ಸೇರಿಸಲಿಲ್ಲ. ಆತನ ಪರವಾಗಿ ಒಂದು ನಿಟ್ಟುಸಿರನ್ನೂ ಬಿಡಬಾರದೆಂದು ಉಸಿರು ಬಿಗಿಹಿಡಿದಿದ್ದೆ ಎಂದು ಆಮೇಲೆ ಹೆಂಡತಿಗೆ ಹೇಳಿದರಂತೆ.

ಆ ಭಾನುವಾರ ತಾಯಿಮಗಳು ಇಬ್ಬರೂ ಸಾಲಿನಲ್ಲಿ ನಿಂತಿದ್ದರು. ಯಂತ್ರ ಚೀಟಿ ಉಗುಳಿತು. ಯಾಕಮ್ಮ ಒಳಗೆ ಕಾಲಿಟ್ಟವಳೇ, ಇಷ್ಟು ದಿನ ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಅಯ್ಯನವರನ್ನು ತರಾಟೆಗೆ ತೆಗೆದುಕೊಂಡಳು. ತಾಯಿ ಮೇಲಿನ ಸಭಾಂಗಣಕ್ಕೆ ಹೋಗಲಿಲ್ಲ. ಹಿಂದಿನ ಗೋಡೆಗೊರಗಿ ಕೂತು ಮುಗಿಯುವ ತನಕ ಅವರ ಕೈಗಳನ್ನೇ ನೋಡುತ್ತಿದ್ದಳು. ಹೀಗೆ ಎಷ್ಟೋ ವಾರ ನಡೆಯಿತು. ಅಯ್ಯನವರು ಅದನ್ನು ಅವಮಾನವೆಂದು ತಿಳಿಯಲಿಲ್ಲ. ಆಕೆಗೆ ಕಾಣುವಂತೆ ಟ್ಯಾಬನ್ನು ತುಸು ಆಕೆಯ ಕಡೆಗೇ ತಿರುಗಿಸಿಟ್ಟುಕೊಂಡು ಕೆಲಸ ಮಾಡಿದರು.

ಒಂದು ದಿನ ಮಕ್ಕಳೆಲ್ಲ ಹೋದ ಮೇಲೆ ಆಕೆ ಮೇಜಿನ ಬಳಿಗೆ ಬಂದಳು.

"ನಮ್ಮ ಮನೆ ಒಳಗೆ ಅವರ ಹೆಸರು ಬರ್ಕೂಡ್ದು. ಅವರಿಗೆ ಚಿತ್ರ ಕಳಿಸೋದಾದ್ರೆ ನಾನೇ ಕಳಿಸ್ತೀನಿ. ಯಾವ್ದು ಅನ್ನೋದೂ ನಾನೇ ನೋಡ್ತೀನಿ. ಇದ್ರಲ್ಲಿ ಒಂದನ್ನೇ ಕಳಿಸೋದು ಹೇಗೆ?"

ಅಯ್ಯನವರು ತೋರಿಸಿಕೊಟ್ಟರು. ಇಲ್ಲಿ ಆರಿಸಬೇಕು, ಇಲ್ಲಿ ಒತ್ತಬೇಕು, ಬೇಡವೆನಿಸಿದರೆ ಇಲ್ಲಿ. ಅಷ್ಟು ಹೇಳಿ ಟ್ಯಾಬನ್ನು ಆಕೆಯ ಕೈಗಿತ್ತು, ಬೆನ್ನು ತಿರುಗಿಸಿ ಜಮಖಾನೆ ಸುತ್ತತೊಡಗಿದರು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದರು. ಹಿಂದೆ ಆಕೆ ಹೋಗಿಬರುತ್ತೇನೆಂದ ದನಿ ಕೇಳಿದ ಮೇಲೆಯೇ ತಿರುಗಿದರು.

ಮನೆಗೆ ಬಂದಾಗ ಹೆಂಡತಿ ಕೇಳಿದರು, "ಕಳಿಸಿದ್ಲಾ?"

"ನಾನು ನೋಡ್ಲಿಲ್ಲ."

"ಆಮೇಲೆ ತೆಗೆದು ನೋಡಿದ್ರೆ ಕಾಣ್ಸಲ್ವಾ ಅದ್ರಲ್ಲಿ?"

"ಕಾಣ್ಸತ್ತೆ," ಎಂದರು ಅಯ್ಯನವರು. ಆ ಮನೆಯನ್ನು ಅವರು ಮತ್ತೆಂದೂ ತೆರೆದು ನೋಡಲಿಲ್ಲ.