ಎಡಗಡೆ ಹಿಂದಿನ ಬಾಗಿಲು

ಕಾರು ಮನೆಗೆ ಬಂದ ದಿನ ನನ್ನ ಗಂಡ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ಟಿನ ಮೇಲೆ ಎರಡು ಬೆರಳಲ್ಲಿ ತಟ್ಟಿ, “ಇದನ್ನ ಓಡಿಸ್ತೀಯೋ, ತಳ್ತೀಯೋ?” ಎಂದರು. ಕೊಂಡವಳು ನಾನು, ಓಡಿಸುವವಳೂ ನಾನು. ಅವರದ್ದು ಬರೀ ಬಾಯಿ.

ನಮ್ಮ ಮನೆ ಇರುವುದು ಕೋಲಾರದಲ್ಲಿ. ನಾನು ಮುಳಬಾಗಿಲಿನ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ದಿನಾ ಬಸ್ಸಿನಲ್ಲಿ ಯಾರದೋ ಟಿಫಿನ್ ಕ್ಯಾರಿಯರನ್ನು ಪಕ್ಕೆಗೆ ಒತ್ತಿಸಿಕೊಂಡು ನಿಂತು ನಿಂತು ಸಾಕಾಗಿ, ಒಂದು ಬೆಳಿಗ್ಗೆ ಇನ್ನು ಆಗಲ್ಲ ಅಂತ ತೀರ್ಮಾನ ಮಾಡಿದೆ. ಹೊಸ ಕಾರು ಕೈಗೆ ಎಟುಕುವಂತಿರಲಿಲ್ಲ. ಹಳೆಯದರಲ್ಲೇ ಜಪಾನಿ ಕಂಪನಿಯದನ್ನು ತಗೊಂಡರೆ ಇಂಜಿನ್ ಕೈಕೊಡುವುದಿಲ್ಲ ಎಂದು ಕಾಲೇಜಿನಲ್ಲಿ ಎಲ್ಲರೂ ಹೇಳಿದರು. ಹಾಗೆ ಹೇಳಿದ ಒಬ್ಬರ ಹತ್ತಿರವೂ ಜಪಾನಿ ಕಾರಿರಲಿಲ್ಲ ಎನ್ನುವುದು ಆಮೇಲೆ ಹೊಳೆಯಿತು.

ಕಾರು ಸಿಕ್ಕಿದ್ದು ಮಾಲೂರಿನಲ್ಲಿ, ನಿವೃತ್ತರಾಗಿದ್ದ ಒಬ್ಬ ಹಿರಿಯರ ಮನೆಯಲ್ಲಿ. ಬೆಳ್ಳಿ ಬಣ್ಣ, ಹಿಂದೆ ಉದ್ದನೆಯ ಡಿಕ್ಕಿ, ಒಳಗೆಲ್ಲ ಕೆನೆ ಬಣ್ಣ. ಸೀಟಿನ ಪ್ಲಾಸ್ಟಿಕ್ ಕವರನ್ನು ಅವರು ಅಷ್ಟು ವರ್ಷವಾದರೂ ತೆಗೆದಿರಲಿಲ್ಲ. ಮಾತಾಡುವಾಗಲೆಲ್ಲ ಕೈಯಲ್ಲಿದ್ದ ಬಟ್ಟೆಯಿಂದ ಬಾಗಿಲು ಒರೆಸುತ್ತಲೇ ಇದ್ದರು. “ಓಡಿಸೋದು ಯಾರಮ್ಮಾ, ಯಜಮಾನ್ರಾ?” ಎಂದು ಕೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. ಆದರೂ ವ್ಯವಹಾರ ಮುಖ್ಯ ನೋಡಿ. ಅವರ ಹೆಂಡತಿ ಒಳಗಿನಿಂದ ತೆಲುಗಿನಲ್ಲಿ ಏನೋ ಕೂಗಿದ್ದು ಕೇಳಿಸಿತು. ನಾನು ತಕ್ಷಣ ತೆಲುಗಿಗೆ ತಿರುಗಿಕೊಂಡೆ. ಕಾಫಿ ಬಂತು, ಚಕ್ಕುಲಿ ಬಂತು, ಬೆಲೆಯೂ ಸ್ವಲ್ಪ ಕೆಳಗಿಳಿದು ಬಂತು. ಗೇಟು ದಾಟುವಾಗ ಹಿಂದೆ ನೋಡುವ ಕನ್ನಡಿಯಲ್ಲಿ ಅವರು ಅದೇ ಬಟ್ಟೆ ಹಿಡಿದು ನಿಂತಿದ್ದರು. ಪಾಪ ಅನ್ನಿಸಿತು.

ಹಳೇ ಕಾರು ಸಾಕುವುದು ಒಂಥರಾ ಹಳೇ ನೆಂಟರನ್ನು ಇಟ್ಟುಕೊಂಡ ಹಾಗೆ. ಅವರ ಹೊತ್ತು, ಅವರ ಹಟ ಎಲ್ಲ ಗೊತ್ತಿರಬೇಕು. ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಎಳೆದಾಡಿದರೆ ಮುನಿಸಿಕೊಳ್ಳುತ್ತದೆ. ಏರಿನಲ್ಲಿ ಏಸಿ ಕೇಳಬಾರದು. ಬಲಗಡೆ ಹಿಂದಿನ ಗಾಜನ್ನು ಇಳಿಸಿದರೆ ಮತ್ತೆ ಏರಿಸಲು ಒಬ್ಬರು ಹೊರಗೆ ನಿಂತು ಎರಡು ಅಂಗೈಯಲ್ಲಿ ಮೇಲಕ್ಕೆ ತಳ್ಳಬೇಕು, ಒಳಗಿನವರು ಅದೇ ಹೊತ್ತಿಗೆ ಬಟನ್ ಒತ್ತಬೇಕು. ಇದರಲ್ಲಿ ನಾನೂ ನನ್ನ ಗಂಡನೂ ಎಷ್ಟು ಪಳಗಿದ್ದೆವೆಂದರೆ, ಮದುವೆಯಾದಾಗಿನಿಂದ ಅಷ್ಟು ಹೊಂದಿಕೊಂಡು ಇನ್ನೊಂದು ಕೆಲಸ ಮಾಡಿದ್ದು ನನಗೆ ನೆನಪಿಲ್ಲ.

ನಮ್ಮ ಮೆಕ್ಯಾನಿಕ್ ಊರಾಚೆ ಬೈಪಾಸಿನ ಹತ್ತಿರ ಬೇವಿನ ಮರದ ಕೆಳಗೆ ಅಂಗಡಿ ಇಟ್ಟಿದ್ದಾನೆ. ನನ್ನ ಜೇಬಿನ ಗಾತ್ರ ಅವನಿಗೆ ಗೊತ್ತು. ಬ್ರೇಕು, ಕ್ಲಚ್ಚು, ಟೈರು ಇವುಗಳ ವಿಷಯದಲ್ಲಿ ಅವನು ರಾಜಿಯಾಗುವುದಿಲ್ಲ. ಉಳಿದದ್ದಕ್ಕೆಲ್ಲ ಅವನದು ಒಂದೇ ಮಾತು: “ಆಮೇಲ್ ನೋಡಾಣ ಬಿಡಿ ಮೇಡಂ.” ಒಂದು ಸಲ ಪಕ್ಕದ ಮನೆಯವರ ಟೊಮೆಟೊ ಬಾಕ್ಸನ್ನು ಹಿಂದಿನ ಸೀಟಿನಿಂದ ಇಳಿಸುವಾಗ ಎಡಗಡೆ ಬಾಗಿಲಿನ ಒಳಗಿನ ಹ್ಯಾಂಡಲ್ ಮುರಿದು ಕೈಗೇ ಬಂತು. ಅದನ್ನು ತೆಗೆದುಕೊಂಡು ಹೋಗಿ ತೋರಿಸಿದೆ. ಅವನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ನನ್ನ ಕೈಗೇ ಇಟ್ಟ. “ಈ ಮಾಡಲ್‌ದು ಗುಜರೀಲೇ ಹುಡುಕ್ಬೇಕು. ಹೊರಗಿಂದ ತೆಗೀತದಲ್ಲ ಮೇಡಂ? ಆಮೇಲ್ ನೋಡಾಣ ಬಿಡಿ.”

ಈಗ ಅತ್ತೆಯ ಬಗ್ಗೆ ಹೇಳಬೇಕು. ಅವರು ಇರುವುದು ಶ್ರೀನಿವಾಸಪುರದ ಕಡೆಯ ಹಳ್ಳಿಯಲ್ಲಿ. ಮಾವಿನ ತೋಟ, ಎರಡು ಹಸು, ಎದುರಿಗೇ ಹಾಲಿನ ಡೈರಿ, ಇಡೀ ಬೀದಿ ಅವರ ಮಾತಿಗೆ ಕಿವಿಗೊಡುತ್ತದೆ. ಸೊಸೆ ಮಾತ್ರ ಅವರಿಗೆ ಹಿಡಿಸಿರಲಿಲ್ಲ. ಎದುರು ಮಾತಾಡುತ್ತಾಳೆ ಅನ್ನುವುದು ಅವರ ದೂರು, ಅದು ನಿಜವೂ ಹೌದು. ಹಾಗಂತ ಜಗಳವೇನೂ ಇರಲಿಲ್ಲ. ಅವರು ನನ್ನ ಜೊತೆ ನೇರವಾಗಿ ಮಾತೇ ಆಡುತ್ತಿರಲಿಲ್ಲ, ಅಷ್ಟೆ. ನಾನು ಎದುರಿಗೇ ನಿಂತಿದ್ದರೂ ಮಗನ ಕಡೆ ತಿರುಗಿ, “ಊಟಕ್ಕೆ ಬರಾಕೆ ಹೇಳೋ” ಅನ್ನುತ್ತಿದ್ದರು. ನಾನೂ ಅವರ ಮಗನಿಗೇ, “ಹಸಿವಿಲ್ಲ ಅಂತ ಹೇಳ್ರೀ” ಅನ್ನುತ್ತಿದ್ದೆ. ನನ್ನ ಗಂಡ ಮಧ್ಯದಲ್ಲಿ ಪೋಸ್ಟ್‌ಮ್ಯಾನ್ ಕೆಲಸ ಮಾಡಿಕೊಂಡು ನೆಮ್ಮದಿಯಾಗಿದ್ದರು.

ಅತ್ತೆಗೆ ಮಂಡಿನೋವು ಶುರುವಾಗಿ, ಆಗಾಗ ಕೋಲಾರಕ್ಕೆ ಬಂದು ನಾಲ್ಕು ದಿನ ನಮ್ಮ ಮನೆಯಲ್ಲಿದ್ದು ಚಿಕಿತ್ಸೆ ಮಾಡಿಸಿಕೊಳ್ಳುವಂತಾಯಿತು. ಎರಡನೇ ಶನಿವಾರ ನನಗೆ ರಜ, ಗಂಡನಿಗೆ ಡ್ಯೂಟಿ. ಹಾಗಾಗಿ ಅವರನ್ನು ಊರಿಗೆ ಬಿಟ್ಟುಬರುವುದು ನನ್ನ ಪಾಲಿಗೆ ಬಂತು. ಮುಂದೆ ಕೂತರೆ ಲಾರಿಗಳೆಲ್ಲ ಮೈಮೇಲೇ ಬಂದಂತಾಗುತ್ತದೆ ಎಂದು ಅತ್ತೆ ಹಿಂದೆ ಎಡಗಡೆ ಕೂತರು. ಕಾರನ್ನು ಡಕೋಟ ಗಾಡಿ ಎಂದು ಅವರು ಮಗನ ಹತ್ತಿರ ಅಂದಿದ್ದು ನನಗೆ ಗೊತ್ತಿತ್ತು. ದಾರಿಯಲ್ಲಿ ಎಲ್ಲೂ ನಿಲ್ಲದೆ ಮನೆ ಮುಂದೆ ಹೋಗಿ ನಿಂತಾಗ ಗೆದ್ದೆ ಅಂದುಕೊಂಡೆ.

ಆಗ ಹ್ಯಾಂಡಲ್ ನೆನಪಾಯಿತು. ಅವರು ತಡಕಾಡಿ, ಇಲ್ಲದ ಹ್ಯಾಂಡಲನ್ನು ಕಂಡುಹಿಡಿದು, ಮಗನಿಗೆ ಫೋನ್ ಮಾಡಿ “ನೋಡ್ದ್ಯಾ, ನಾನ್ ಹೇಳಿರ್ಲಿಲ್ವಾ” ಎನ್ನುವ ಮೊದಲೇ ನಾನು ಸೀಟ್ ಬೆಲ್ಟ್ ಕಿತ್ತೆಸೆದು, ಕಾರನ್ನು ಸುತ್ತಿ ಓಡಿಹೋಗಿ ಹೊರಗಿನಿಂದ ಬಾಗಿಲು ತೆಗೆದೆ. ಓಡಿದ ರಭಸಕ್ಕೆ ಸೆರಗು ಜಾರಿತ್ತು. ಅದನ್ನು ಎಳೆದು ಹೊದ್ದುಕೊಂಡು, ಬಾಗಿಲು ಹಿಡಿದು, ತಲೆ ಬಗ್ಗಿಸಿ ನಿಂತೆ. ಅತ್ತೆ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಕೈ ಮುಂದೆ ಚಾಚಿದರು. ಕಾರಿನ ಸೀಟು ತಗ್ಗು, ಅವರ ಮಂಡಿ ಏಳಗೊಡುವುದಿಲ್ಲ. ನಾನು ಕೈಹಿಡಿದು ಎಬ್ಬಿಸಿದೆ. ಎದುರಿಗೆ ಡೈರಿಯಲ್ಲಿ ಸಂಜೆಯ ಹಾಲು ಹಾಕಲು ಸಾಲಾಗಿ ನಿಂತಿದ್ದ ಹೆಂಗಸರೆಲ್ಲ ಕ್ಯಾನು ಕೆಳಗಿಟ್ಟು ನೋಡುತ್ತಿದ್ದರು.

ವಾರವಾಗಿರಲಿಲ್ಲ, ನನ್ನ ಗಂಡ ಊರಿಗೆ ಹೋಗಿ ಬಂದವರೇ ಚಪ್ಪಲಿ ಬಿಡುವ ಮುಂಚೆಯೇ ಕೇಳಿದರು: “ನಮ್ಮಮ್ಮಂಗೆ ಏನೇ ಮಾಡ್ದೆ ನೀನು?”

ಅತ್ತೆ ಡೈರಿಯ ಮುಂದೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದರಂತೆ: “ಮಾ ಕೋಡಲೇ ದಿಗೊಚ್ಚಿ ತಲುಪು ತೀಸ್ತಾದಿ.” ನಮ್ಮ ಸೊಸೆಯೇ ಇಳಿದು ಬಂದು ಬಾಗಿಲು ತೆಗೀತಾಳೆ, ಅಂತ. ಡಿ.ಸಿ. ಸಾಹೇಬರಿಗೂ ಡ್ರೈವರ್ ತೆಗೀತಾನೆಯೇ ಹೊರತು ಸೊಸೆ ತೆಗೆಯುವುದಿಲ್ಲವಲ್ಲ! ಅಷ್ಟು ಓದಿದ ಹುಡುಗಿ, ಅತ್ತೆ ಅಂದರೆ ಅಷ್ಟು ಮರ್ಯಾದೆ ಅಂತ ಬೀದಿಯೆಲ್ಲ ಮಾತಾಯಿತಂತೆ. ನಾನೂ ನನ್ನ ಗಂಡನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮುಂದಿನ ಸಲ ಮತ್ತೆ ಹಾಗೇ ಸುತ್ತಿಬಂದು ಬಾಗಿಲು ತೆಗೆದೆ. ಬೇರೆ ದಾರಿಯೂ ಇರಲಿಲ್ಲವಲ್ಲ. ಅತ್ತೆ ಇಳಿದು, ಕೈ ಬಿಡದೆ, “ಏನಮ್ಮಾ, ಅಂಗೇ ಹೋಗ್ತೀಯಾ? ಊಟ ಮಾಡ್ಕೊಂಡ್ ಹೋಗು” ಎಂದರು. ನಾನು ಅಭ್ಯಾಸಬಲದಿಂದ ಗಂಡ ಎಲ್ಲಿ ಎಂದು ಹಿಂದೆ ತಿರುಗಿ ನೋಡಿದೆ. ಗಂಡ ಕೋಲಾರದಲ್ಲಿದ್ದರು. ಮಾತಾಡಿಸಿದ್ದು ನನ್ನನ್ನೇ. ಒಳಗೆ ಹೋಗಿ ಅವರ ಎದುರು ಕೂತು ಮುದ್ದೆ, ಹುರುಳಿಕಾಳು ಸಾರು ಉಂಡೆ. ಬರುವಾಗ ಡಿಕ್ಕಿ ತುಂಬ ಮಾವಿನಕಾಯಿ. ನನಗೆ ಎಷ್ಟು ಸಂತೋಷವಾಯಿತೆಂದರೆ, ದಾರಿಯಲ್ಲಿ ಒಬ್ಬಳೇ ನಗುತ್ತಾ ಬಂದೆ.

ಅಲ್ಲಿಂದ ನನಗೆ ಒಂದು ಭಯವೂ ಶುರುವಾಯಿತು. ಇಷ್ಟೆಲ್ಲ ಒಲಿದು ಬಂದದ್ದು ಮುರಿದುಹೋದ ಒಂದು ಪ್ಲಾಸ್ಟಿಕ್ ಹ್ಯಾಂಡಲಿನಿಂದ. ಅದು ಅತ್ತೆಗೆ ಗೊತ್ತಾದರೆ ಮತ್ತೆ ಪೋಸ್ಟ್‌ಮ್ಯಾನ್ ಕಾಲಕ್ಕೇ ಹೋಗಬೇಕು. ಅದಕ್ಕಿಂತ ಹೆಚ್ಚಾಗಿ, ಡೈರಿಯ ಮುಂದೆ ಅವರು ತಲೆಯೆತ್ತಿ ಹೇಳಿಕೊಂಡದ್ದು ಏನಾಗಬೇಕು? ನನ್ನ ಗಂಡನಿಗೆ ಮಾತ್ರ ಇದು ಒಳ್ಳೇ ಆಟ. ಕಾಫಿ ತಡವಾದರೆ ಸಾಕು, ಫೋನ್ ಎತ್ತಿಕೊಂಡು, “ಅಮ್ಮಂಗೆ ಹೇಳ್ಬಿಡ್ಲಾ?” ಅನ್ನುತ್ತಿದ್ದರು. ನಾನು ಬಾಯಿಗೆ ಬಂದಹಾಗೆ ಬೈದು, ಕಾಫಿ ಮಾಡಿಕೊಡುತ್ತಿದ್ದೆ.

ಕಾರಿಗೆ ಒಂದೊಂದಾಗಿ ಎಲ್ಲ ರಿಪೇರಿಯೂ ಆಯಿತು. ರೇಡಿಯೇಟರ್ ಆಯಿತು, ಬಲಗಡೆ ಗಾಜೂ ಸರಿಹೋಯಿತು. “ಆ ಹ್ಯಾಂಡಲ್ ತಂಟೆಗೆ ಮಾತ್ರ ಹೋಗ್ಬೇಡಪ್ಪಾ” ಎಂದು ಮೆಕ್ಯಾನಿಕ್‌ಗೆ ನಾನೇ ಹೇಳಿದ್ದೆ. ದುಡ್ಡಿಗೆ ಹಿಂದೆಮುಂದೆ ನೋಡುತ್ತಿದ್ದೇನೆ ಎಂದು ಅವನು ತಿಳಿದುಕೊಂಡ. ಕ್ಲಚ್ ಪ್ಲೇಟ್ ಹಾಕಲು ಬಿಟ್ಟಿದ್ದ ಕಾರನ್ನು ತರಲು ಹೋದಾಗ ಅವನ ಮುಖದ ತುಂಬ ನಗು. “ನಿಮ್ಗೊಂದು ಗಿಫ್ಟ್ ಮಡಗಿದೀನಿ ಮೇಡಂ, ದುಡ್ಡು ಬೇಡ” ಎಂದು ಹಿಂದಿನ ಬಾಗಿಲು ತೆಗೆದು ತೋರಿಸಿದ. ಗುಜರಿಯಲ್ಲಿ ಇದೇ ಮಾಡಲ್ ಸಿಕ್ಕಿತಂತೆ. ಕೆನೆ ಬಣ್ಣದ ಬಾಗಿಲಿನ ಮೇಲೆ ಕರೀ ಹ್ಯಾಂಡಲ್ ಹಾಲಿಗೆ ಬಿದ್ದ ನೊಣದಂತೆ ಎದ್ದು ಕಾಣುತ್ತಿತ್ತು. ಅಷ್ಟು ಪ್ರೀತಿಯಿಂದ ಮಾಡಿದವನನ್ನು ಬೈಯುವುದು ಹೇಗೆ? ಥ್ಯಾಂಕ್ಸ್ ಹೇಳಿ ಬಂದೆ.

ಮಾರನೆಯ ದಿನವೇ ಎರಡನೇ ಶನಿವಾರ. ನಮ್ಮ ಮನೆ ಮುಂದೆ ಅತ್ತೆ ಕಾರು ಹತ್ತಿ, ಕಾಲು ಒಳಗೆಳೆದುಕೊಂಡು, ಪಕ್ಕಕ್ಕೆ ತಿರುಗಿದರು.

“ಇದೇನಮ್ಮಾ ಕರೀದು?”

“ಹ್ಯಾಂಡಲ್ ಅತ್ತೆ. ಮುಂಚಿಂದು ಮುರ್ದೋಗಿತ್ತು.”

“ಯಾವಾಗ ಮುರೀತು?”

ನಾನು ಎದುರಿಗಿದ್ದ ಟೊಮೆಟೊ ಲಾರಿಗೆ ಜೋರಾಗಿ ಹಾರನ್ ಹೊಡೆದೆ. ಪಾಪ, ಅದು ನಿಂತಿದ್ದ ಲಾರಿ. ಅತ್ತೆ ಮತ್ತೆ ಕೇಳಲಿಲ್ಲ.

ಅದೇ ನನಗೆ ಕಷ್ಟವಾಯಿತು. ಅವರು ಹಾಲಿನ ಗಟ್ಟಿತನ ಅಳೆಯುವ ಡಿಗ್ರಿ ಒಂದಿಷ್ಟು ಕಡಿಮೆ ಬಂದರೂ ಡೈರಿಯವರನ್ನು ನಿಲ್ಲಿಸಿ ಕೇಳುವ ಹೆಂಗಸು. ಇಷ್ಟು ಅರ್ಥವಾಗುವುದಿಲ್ಲವೇ? ಶ್ರೀನಿವಾಸಪುರದ ದಾರಿಯುದ್ದಕ್ಕೂ ಮಾವಿನ ತೋಪುಗಳು ಹೂಬಿಟ್ಟು ನಿಂತಿದ್ದವು. ಬೇರೆ ದಿನವಾಗಿದ್ದರೆ ಅತ್ತೆ ಯಾರ ತೋಟ, ಯಾವ ಜಾತಿಯ ಹಣ್ಣು, ಈ ಸಲ ಫಸಲು ಹೇಗೆ ಎಂದು ಹೇಳುತ್ತಾ ಬರುತ್ತಿದ್ದರು. ಆವತ್ತು ಅವರ ಕಣ್ಣು ಆ ಕರೀ ಹ್ಯಾಂಡಲಿನ ಮೇಲೇ ಇತ್ತು. ಕಾರು ಮಾತ್ರ ಹೊಸ ಕ್ಲಚ್ಚಿನ ಹುಮ್ಮಸ್ಸಿನಲ್ಲಿ ಬೆಣ್ಣೆಯಂತೆ ಓಡುತ್ತಿತ್ತು. ನನಗೆ ಅದರ ಮೇಲೆಯೇ ಸಿಟ್ಟು ಬಂತು.

ಊರು ಬಂತು. ಡೈರಿಯ ಮುಂದೆ ಹೆಂಗಸರ ಸಾಲು. ಮನೆ ಮುಂದೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಸೀಟ್ ಬೆಲ್ಟಿಗೆ ಕೈಹಾಕುತ್ತಾ ಕನ್ನಡಿ ನೋಡಿದೆ. ಅತ್ತೆಯ ಕೈ ಆ ಕರೀ ಹ್ಯಾಂಡಲಿನ ಮೇಲಿತ್ತು. ಎಳೆದರು. ಟಕ್ ಎಂದಿತು. ಬಾಗಿಲು ಬೆರಳಗಲ ಬಿಟ್ಟುಕೊಂಡು ಕಾರಿನೊಳಗಿನ ದೀಪ ಹತ್ತಿಕೊಂಡಿತು. ಮುಗಿಯಿತು ಅಂದುಕೊಂಡೆ.

ಅತ್ತೆ ಬಿಟ್ಟುಕೊಂಡ ಬಾಗಿಲನ್ನೊಮ್ಮೆ ನೋಡಿದರು, ಡೈರಿಯ ಕಡೆ ನೋಡಿದರು. ಆಮೇಲೆ ಬಾಗಿಲನ್ನು ಮೆಲ್ಲಗೆ ತಮ್ಮ ಕಡೆಗೇ ಎಳೆದು ಮುಚ್ಚಿದರು. ದೀಪ ಆರಿತು. ಸೆರಗು ಸರಿಮಾಡಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು, ನೆಟ್ಟಗೆ ಮುಂದೆ ನೋಡುತ್ತಾ ಕೂತರು.

ನಾನು ಇಳಿದೆ. ಕಾರನ್ನು ಸುತ್ತಿ ಬರುವಷ್ಟರಲ್ಲಿ ನನ್ನ ಕಣ್ಣು ಮಂಜಾಗಿತ್ತು. ಬಾಗಿಲಿಗೆ ಕೈಯಿಟ್ಟಾಗ, ಎರಡು ಬೆರಳು ಇಳಿದಿದ್ದ ಗಾಜಿನ ಸಂದಿಯಿಂದ ಅತ್ತೆ ನನಗಷ್ಟೇ ಕೇಳುವಂತೆ ಹೇಳಿದರು:

“ನಿಧಾನವಾಗಿ ತೆಗಿ ಕಣಮ್ಮಾ. ಎಲ್ರೂ ನೋಡ್ಲಿ.”